ಒಂಬತ್ತು ಗಂಟೆ ಬಸ್ಸು

ಆಯುಧ ಪೂಜೆಯ ದಿನ ತುಮಕೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ನಮ್ಮ ಜನ ಯಂತ್ರಗಳನ್ನು ಹೇಗೆ ಕಾಣುತ್ತಾರೆ ಅನ್ನುವುದು ಗೊತ್ತಾಗುತ್ತದೆ. ಗುಬ್ಬಿ, ಕುಣಿಗಲ್, ಶಿರಾ, ಕೊರಟಗೆರೆ, ಯಾವ ಕಡೆಯ ಬಸ್ಸಾದರೂ ಸರಿ, ಮುಂದೆ ಎರಡು ಬಾಳೆಕಂದು, ಒಂದು ಚೆಂಡುಹೂವಿನ ಹಾರ, ಗಾಜಿನ ಮೇಲೆ ಅರಿಶಿನ ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು, ಎದುರಿಗೆ ಬೂದುಗುಂಬಳಕಾಯಿ. ಹಾರ ಒಣಗುವ ಮುಂಚೆಯೇ ಬಸ್ಸು ಮತ್ತೆ ಮೊದಲ ಟ್ರಿಪ್ಪಿಗೆ ಹೊರಟಿರುತ್ತದೆ. ದುಡಿಯುವ ಆಯುಧಕ್ಕೆ ಪೂಜೆ ಮಾಡುವುದು ನಮಗೆ ಗೊತ್ತು. ದುಡಿಮೆ ಮುಗಿಸಿದ ಆಯುಧಕ್ಕೆ ಏನು ಮಾಡಬೇಕು? ಅದಕ್ಕೊಂದು ಪದ್ಧತಿ ನಮ್ಮಲ್ಲಿಲ್ಲ. ಗುಜರಿ ಅಂಗಡಿ ಇದೆ, ಅಷ್ಟೆ.

ಇದು ಪುರುಸೊತ್ತಿದ್ದವರು ಕೇಳುವ ಪ್ರಶ್ನೆಯೆಂದು ತಳ್ಳಿಹಾಕುವ ಹಾಗಿಲ್ಲ. ಸರ್ಕಾರ ಈಗಾಗಲೇ ಇದಕ್ಕೆ ಎರಡು ಉತ್ತರ ಕೊಟ್ಟುಬಿಟ್ಟಿದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ, ದೊಡ್ಡ ಮಾರ್ಪಾಡು ಕಾಣದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಪ್ರತ್ಯೇಕ ನಂಬರ್ ಪ್ಲೇಟು, 20,000 ರೂಪಾಯಿ ನೋಂದಣಿ ಶುಲ್ಕ. ಅವು ಪ್ರದರ್ಶನಕ್ಕೆ, ರ‍್ಯಾಲಿಗೆ ಹೋಗಬಹುದು. ದಿನನಿತ್ಯ ಓಡುವಂತಿಲ್ಲ, ದುಡ್ಡಿಗೆ ದುಡಿಯುವಂತಿಲ್ಲ. ಇನ್ನೊಂದು ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸರ್ಕಾರದ, ಸಾರಿಗೆ ನಿಗಮಗಳ ವಾಹನಗಳ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಅವನ್ನು ಒಡೆದು ಹಾಕಬೇಕು. ಮನೆಯ ಶೆಡ್ಡಿನಲ್ಲಿ ಮಡಿಯಾಗಿ ನಿಂತ ಕಾರು 50ಕ್ಕೆ ಹಿರಿಯನಾಗುತ್ತದೆ. ಊರೂರು ಸುತ್ತಿ ಲಕ್ಷಾಂತರ ಜನರನ್ನು ಹೊತ್ತ ಸರ್ಕಾರಿ ಬಸ್ಸಿಗೆ 15ಕ್ಕೇ ಆಯುಸ್ಸು ಮುಗಿಯಿತು. 15ಕ್ಕೆ ಹೋದದ್ದು 50 ಮುಟ್ಟುವುದಾದರೂ ಹೇಗೆ?

ಹೊಗೆ, ಅಪಘಾತ, ಡೀಸೆಲ್ ಖರ್ಚು, ಈ ನಿಯಮಗಳಿಗೆ ಕಾರಣಗಳಿವೆ. ಅವನ್ನು ಹಗುರವಾಗಿ ಕಾಣಲಾರೆ. ಆದರೆ ಯಾವುದನ್ನು ಉಳಿಸಬೇಕು, ಯಾಕೆ ಉಳಿಸಬೇಕು ಅನ್ನುವುದಕ್ಕೆ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಹಳೆಯ ಬಸ್ಸೊಂದನ್ನು ಉಳಿಸಿದೆವು ಎಂದಾಗ ನಾವು ನಿಜವಾಗಿ ಉಳಿಸಿದ್ದು ಯಾವುದನ್ನು?

ಆ ಬಸ್ಸು ಬದುಕಿದ ರೀತಿಯನ್ನು ಮೊದಲು ನೋಡೋಣ. ಮೈಸೂರು ಸರ್ಕಾರ ತಾನೇ ಬಸ್ಸು ಓಡಿಸಲು ಇಳಿದದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳೊಂದಿಗೆ. 1961ರಲ್ಲಿ ಅದು ನಿಗಮವಾಯಿತು. ಅದಕ್ಕೂ ಮುಂಚಿನಿಂದ, ಆಮೇಲೂ ಬಹಳ ಕಾಲ, ನಮ್ಮ ಕಡೆಯ ಹಳ್ಳಿಗಳನ್ನು ಪೇಟೆಗೆ ಸೇರಿಸಿದ್ದು ಖಾಸಗಿ ಬಸ್ಸುಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಿಂದ ಓಡಿದ ಬಸ್ಸುಗಳನ್ನು ನೆನೆಯುವ ಹಿರಿಯರು ನಮ್ಮ ಮನೆಗಳಲ್ಲಿದ್ದರು. 1950ರ ದಶಕದಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ, ಮದರಾಸಿನ ಅಶೋಕ್ ಕಂಪನಿ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಸೇರಿ ಇಲ್ಲೇ ಚಾಸಿ ಮಾಡತೊಡಗಿದವು. ಆಗ ಮುಂದಕ್ಕೆ ಚಾಚಿದ ಎಂಜಿನ್ನಿನ ಮೂತಿ ಬಸ್ಸುಗಳು ರಸ್ತೆ ತುಂಬಿದವು.

ಅಂಥ ಬಸ್ಸು ಒಂದೇ ಕೆಲಸ ಮಾಡುತ್ತಿರಲಿಲ್ಲ. ವಾರದ ದಿನ ಲೈನಿನ ಮೇಲೆ. ಲಗ್ನದ ತಿಂಗಳಲ್ಲಿ ದಿಬ್ಬಣಕ್ಕೆ. ಶಾಲೆಗಳ ಪ್ರವಾಸದ ಕಾಲದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಸುಗ್ಗಿ ಮುಗಿದ ಮೇಲೆ ಧರ್ಮಸ್ಥಳಕ್ಕೋ ತಿರುಪತಿಗೋ ಯಾತ್ರೆ. ಪ್ರವಾಸಕ್ಕೆ ಹೊರಟರೆ ಟಾಪಿನ ಮೇಲೆ ಅಕ್ಕಿ ಮೂಟೆ, ಕೊಳದಪ್ಪಲೆ, ಸೌದೆ, ಅದರ ಮೇಲೆ ಟಾರ್ಪಾಲು. ಒಳಗೆ ಅಡುಗೆಯವರಿಗೊಂದು ಸೀಟು. ದಾರಿಯಲ್ಲಿ ಕೆರೆ ಕಂಡಲ್ಲಿ ಒಲೆ ಹೂಡುವುದು. ಆರು ದಿನ ಊರಿನವರೆಲ್ಲ ಒಂದೇ ಸೂರಿನ ಕೆಳಗೆ, ಒಬ್ಬರ ಭುಜಕ್ಕೆ ಒಬ್ಬರು ಒರಗಿ ನಿದ್ದೆ ಮಾಡಿದ ಆ ಬಸ್ಸು ನಮ್ಮ ಎಷ್ಟೋ ಅಜ್ಜಿಯರು ಸಮುದ್ರ ಕಂಡ ಮೊದಲ ಮತ್ತು ಕೊನೆಯ ಕಿಟಕಿ.

ಇಂಥದ್ದೊಂದು ಬಸ್ಸು ಇವತ್ತು ಗುಬ್ಬಿಯ ಹತ್ತಿರದ ಯಾವುದೋ ತೋಟದ ಶೆಡ್ಡಿನಲ್ಲಿ ನಿಂತಿದೆ ಎಂದು ಊಹಿಸಿಕೊಳ್ಳಿ. ಮಾಲೀಕರ ಮೊಮ್ಮಗ ಅದನ್ನು ಉಳಿಸಬೇಕು ಅನ್ನುತ್ತಾನೆ. ಎಂಜಿನ್ ಎರಡು ಸಲ ಬದಲಾಗಿದೆ. ಬಾಡಿಯನ್ನು ಮೂರು ಸಲ ಹೊಸದಾಗಿ ಕಟ್ಟಿಸಿದ್ದಾರೆ. ಸೀಟುಗಳು, ಗಾಜು, ಸ್ಟೇರಿಂಗು, ಯಾವುದೂ ಮೊದಲಿನದಲ್ಲ. ಗ್ರೀಸಿನ ಪ್ಲುಟಾರ್ಕ್ ಬರೆದ ಥೀಸಿಯಸ್ಸನ ಹಡಗಿನ ಕಥೆ ತತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ. ಕೊಳೆತ ಹಲಗೆ ತೆಗೆದು ಹೊಸ ಹಲಗೆ ಹಾಕುತ್ತ ಹೋದರು. ಕೊನೆಗೆ ಅದು ಅದೇ ಹಡಗೋ ಬೇರೆಯೋ ಎಂದು ಅಥೆನ್ಸಿನ ಪಂಡಿತರು ಜಗಳಾಡಿದರು. ನಮ್ಮ ಗ್ಯಾರೇಜುಗಳಲ್ಲಿ ಈ ಜಗಳ ಇಲ್ಲ. ಟಿಂಕರಿಂಗ್ ಮಾಡುವ ಹಿರಿಯ ಮೇಸ್ತ್ರಿಯೊಬ್ಬರನ್ನು ನಾನು ಇದನ್ನೇ ಕೇಳಿದ್ದೆ. "ಬಾಡಿ ಹೊಸದಾದ್ರೇನಮ್ಮಾ, ಚಾಸಿ ನಂಬರ್ ಅದೇ ಅಲ್ವಾ? ಆರ್‌ಟಿಓ ಸಾಹೇಬ್ರು ಪೆನ್ಸಿಲ್ ಇಟ್ಟು ಉಜ್ಜಿ ನೋಡೋದು ಅದನ್ನೇ" ಅಂದರು.

ನನಗೆ ಅವರ ಮಾತು ಪ್ಲುಟಾರ್ಕನಿಗಿಂತ ಸ್ಪಷ್ಟವಾಗಿ ಕಂಡಿತು. ಬಸ್ಸು ನಮ್ಮಲ್ಲಿ ಹುಟ್ಟುವುದೇ ಎರಡು ಕಡೆ. ಚಾಸಿ ಕಾರ್ಖಾನೆಯಲ್ಲಿ, ಬಾಡಿ ಇನ್ನೆಲ್ಲೋ, ಮರಗೆಲಸದವರು, ತಗಡು ಬಡಿಯುವವರು, ಪೇಂಟರುಗಳು ಇರುವ ಶೆಡ್ಡಿನಲ್ಲಿ. ಕಾನೂನಿಗೆ ಬಸ್ಸೆಂದರೆ ಆ ಉಕ್ಕಿನ ಮೇಲೆ ಕೊರೆದ ನಂಬರು. ಪ್ರಯಾಣಿಕರಿಗೆ ಆ ನಂಬರು ಕಂಡೇ ಇಲ್ಲ. ಅವರಿಗೆ ಬಸ್ಸೆಂದರೆ ಬಣ್ಣ, ಹಣೆಯ ಮೇಲಿನ ಹೆಸರು, ಕಿಟಕಿಯ ಕಂಬಿ, ಡ್ರೈವರ್ ಪಕ್ಕದ ಬಿಸಿ ಬಾನೆಟ್ಟು.

ಅಮೆರಿಕದ ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದ ಕೆಂಪು ಪ್ರವಾಸಿ ಬಸ್ಸುಗಳು ಇದನ್ನು ತಲೆಕೆಳಗು ಮಾಡಿ ತೋರಿಸುತ್ತವೆ. 1936ರಿಂದ 1939ರ ನಡುವೆ ವೈಟ್ ಮೋಟಾರ್ ಕಂಪನಿ ಕಟ್ಟಿದ, ಮೇಲೆ ಬಟ್ಟೆಯ ಛಾವಣಿ ಸುತ್ತಿಡಬಹುದಾದ 33 ಬಸ್ಸುಗಳು ಅಲ್ಲಿ ಬೆಟ್ಟದ ರಸ್ತೆಯಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿದ್ದವು. 1999ರಲ್ಲಿ ಸುರಕ್ಷತೆಯ ಕಾರಣಕ್ಕೆ ನಿಂತವು. ಫೋರ್ಡ್ ಕಂಪನಿ ಹಳೆಯ ಬಾಡಿಗಳನ್ನು ಹೊಸ ಚಾಸಿ, ಹೊಸ ಎಂಜಿನ್ನಿನ ಮೇಲೆ ಕೂರಿಸಿತು. 2002ರಲ್ಲಿ ಅವು ಮತ್ತೆ ಬೆಟ್ಟ ಹತ್ತಿದವು. ಈಗಲೂ ಜನ ಹಳೆಯ ಕೆಂಪು ಬಸ್ಸೆಂದೇ ಅವನ್ನು ಹತ್ತುತ್ತಾರೆ. ನಮ್ಮ ಮೇಸ್ತ್ರಿ ನೋಡಿದರೆ ಇವು ಹಳೆಯ ಅಂಗಿ ತೊಟ್ಟ ಹೊಸ ಬಸ್ಸುಗಳು. ನಮ್ಮ ವಿಂಟೇಜ್ ನಿಯಮದ ಅಳತೆಗೂ ಇವು ನಿಲ್ಲುವುದಿಲ್ಲ. ಮೂಲರೂಪ ಕೆಡದೆ ಉಳಿಯಬೇಕಾದರೆ ಬಸ್ಸು ದುಡಿಯದೇ ಇರಬೇಕಿತ್ತು. ದುಡಿದ ಬಸ್ಸಿನ ಮೈಮೇಲೆ ರಿಪೇರಿಯೇ ಇರುತ್ತದೆ. ಹಾಗಾದರೆ ಮೂಲರೂಪದ ನಿಯಮ ಗೌರವ ಕೊಡುವುದು ದುಡಿಯದೆ ಉಳಿದವರಿಗೆ.

ಚಾಸಿಯ ಬಸ್ಸು ಒಂದು, ಬಾಡಿಯ ಬಸ್ಸು ಎರಡು. ನನಗೆ ಮುಖ್ಯವೆನಿಸುವುದು ಮೂರನೆಯ ಬಸ್ಸು.

ನಾನು ಗುಬ್ಬಿಗೆ ಹತ್ತಿರದ ಹಳ್ಳಿಯಿಂದ ತುಮಕೂರಿನ ಕಾಲೇಜಿಗೆ ಓಡಾಡಿದವಳು. ನಮ್ಮೂರಿನಲ್ಲಿ ಯಾರೂ ಬಸ್ಸನ್ನು ಕಂಪನಿಯ ಹೆಸರಿನಿಂದ ಕರೆಯುತ್ತಿರಲಿಲ್ಲ. ಏಳು ಗಂಟೆ ಬಸ್ಸು, ಒಂಬತ್ತು ಗಂಟೆ ಬಸ್ಸು, ಸಂಜೆ ಐದೂವರೆ ಬಸ್ಸು. ಒಂಬತ್ತು ಗಂಟೆ ಬಸ್ಸು ಒಂಬತ್ತೂ ಕಾಲಿಗೆ ಬಂದರೂ ಅದರ ಹೆಸರು ಒಂಬತ್ತು ಗಂಟೆ ಬಸ್ಸೇ. ಒಂದು ವಾರ ಅದು ಕೆಟ್ಟು ನಿಂತು, ಬದಲಿಗೆ ಬೇರೆ ಬಣ್ಣದ, ಬೇರೆ ನಂಬರಿನ ಬಸ್ಸು ಬಂದಾಗಲೂ ಅದು ಒಂಬತ್ತು ಗಂಟೆ ಬಸ್ಸೇ. ಅಂದರೆ ಬಸ್ಸು ಅನ್ನುವುದು ಒಂದು ಮಾತು: ಈ ಹೊತ್ತಿಗೆ ಬರುತ್ತೇನೆ, ಕೈ ತೋರಿಸಿದರೆ ನಿಲ್ಲಿಸುತ್ತೇನೆ, ಸಂಜೆ ವಾಪಸು ತಂದು ಬಿಡುತ್ತೇನೆ. ನಮ್ಮಮ್ಮ ನನ್ನನ್ನು ಕಾಲೇಜಿಗೆ ಕಳಿಸಲು ಒಪ್ಪಿದ್ದು ಕಾಲೇಜಿನ ಮೇಲಿನ ನಂಬಿಕೆಯಿಂದಲ್ಲ, ಅವರು ಅದನ್ನು ನೋಡಿಯೂ ಇರಲಿಲ್ಲ. ಐದೂವರೆ ಬಸ್ಸಿನ ಮೇಲಿನ ನಂಬಿಕೆಯಿಂದ. "ಆ ಕಂಡಕ್ಟ್ರಣ್ಣ ಹೆಣ್ಮಕ್ಳು ಬರದೆ ಬಸ್ಸು ಬಿಡಲ್ಲ" ಅನ್ನುತ್ತಿದ್ದರು. ನನ್ನ ಜೊತೆ ಓದಿದ ಎಷ್ಟೋ ಹುಡುಗಿಯರ ಡಿಗ್ರಿಯ ಹಿಂದೆ ಇಂಥದ್ದೊಂದು ಬಸ್ಸಿನ ಮಾತಿದೆ.

ಈ ಮೂರನೆಯ ಬಸ್ಸನ್ನು ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಲು ಬರುವುದಿಲ್ಲ. ಹಾಗೆಂದು ಅದನ್ನು ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ. ನಮ್ಮ ಜಿಲ್ಲೆಯಲ್ಲೇ ಮೂರು ಸಾಕ್ಷಿಗಳಿವೆ.

ತುಮಕೂರಿನಿಂದ ಕುಣಿಗಲ್ ದಾರಿಯಲ್ಲಿ ಹೊರಟರೆ ಮೊದಲು ಸಿಗುವುದು ಗೂಳೂರು. ಅಲ್ಲಿನ ಮಣ್ಣಿನ ಗಣಪ ಆಳೆತ್ತರವನ್ನೂ ಮೀರಿದವನು. ಬಲಿಪಾಡ್ಯಮಿಗೆ ಪೂಜೆ ಶುರುವಾಗಿ ಒಂದು ತಿಂಗಳು ನಡೆದು, ಆಮೇಲೆ ಅವನನ್ನು ಕೆರೆಗೆ ಬಿಡುತ್ತಾರೆ. ಮುಂದಿನ ವರ್ಷ ಹೊಸ ಮಣ್ಣು. ಹಳೆಯದರ ಒಂದು ಹಿಡಿಯೂ ಉಳಿಯುವುದಿಲ್ಲ. ಆದರೂ ಗೂಳೂರು ಗಣಪತಿ ಹಳೆಯವನೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅಲ್ಲಿ ಉಳಿದು ಬಂದದ್ದು ಮಾಡುವ ಕೈಗಳ ಅಭ್ಯಾಸ.

ಅದೇ ರಸ್ತೆಯಲ್ಲಿ ಮುಂದೆ ಕುಣಿಗಲ್. ಅಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ್ದು. ದಂಡಿಗೆಂದು ಸಾಕಿದ ಕುದುರೆಗಳ ಜಾಗದಲ್ಲಿ ಈಗ ರೇಸಿನ ಕುದುರೆಗಳು ಬೆಳೆಯುತ್ತವೆ. ಯುದ್ಧ ಹೋಯಿತು, ಜೂಜು ಬಂತು, ಕುದುರೆ ಸಾಕುವ ವಿದ್ಯೆ ಮಾತ್ರ ಅಲ್ಲೇ ಉಳಿಯಿತು. ಉಳಿಯುವುದಕ್ಕೆ ಕೆಲವೊಮ್ಮೆ ಕೆಲಸವನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ಆದರೆ ಬದಲಾದ ಕೆಲಸವೂ ಓಡುವುದೇ. ಓಡದ ಕುದುರೆಯನ್ನು ಕುಣಿಗಲ್ಲಿನಲ್ಲಿ ಯಾರೂ ಅಲಂಕಾರಕ್ಕೆಂದು ಕಟ್ಟಿಕೊಂಡಿಲ್ಲ.

ಮೂರನೆಯದು ತುಮಕೂರಿನ ಇನ್ನೊಂದು ಮಗ್ಗುಲಿನ ಗುಬ್ಬಿ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಊರಿಂದೂರಿಗೆ ಕ್ಯಾಂಪು ಹಾಕುತ್ತಲೇ ಬೆಳೆಯಿತು. ಬಾಲನಟನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು, 1972ರಲ್ಲಿ ತೀರಿಕೊಂಡರು. ನಟರು ಬಂದರು, ಹೋದರು. ಪರದೆಗಳು ಹರಿದವು, ಹೊಸವು ಬಂದವು. 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಕಂಪನಿಯಲ್ಲಿ ಯಾವ ವಸ್ತುವೂ ಸ್ಥಿರವಾಗಿರಲಿಲ್ಲ, ಆದರೂ ಅದು ಗುಬ್ಬಿ ಕಂಪನಿ. ವೀರಣ್ಣನವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ಇಂದು ತುಮಕೂರಿನಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಅದು ಕಟ್ಟಡವಾಗಿ ಬೀಗ ಹಾಕಿಕೊಂಡಿದ್ದರೆ ವೀರಣ್ಣನವರ ಸ್ಮಾರಕವಾಗುತ್ತಿರಲಿಲ್ಲ. ಯಾವುದೋ ಕಾಲೇಜಿನ ಹುಡುಗರು ಅಲ್ಲಿ ಮಾತು ಮರೆತು ತಡವರಿಸಿದಾಗ ಅದು ಅವರ ಸ್ಮಾರಕ.

ಇಷ್ಟು ಹೇಳಿದ ಮೇಲೆ, ಹಳೆಯ ಬಸ್ಸುಗಳನ್ನೆಲ್ಲ ಮತ್ತೆ ಲೈನಿಗೆ ಬಿಡಿ ಎಂದು ನಾನು ವಾದಿಸುತ್ತೇನೆಂದು ನೀವು ಅಂದುಕೊಳ್ಳಬಹುದು. ಅಲ್ಲ. ಹಳೆಯ ಬಸ್ಸು ಕರುಣಾಮಯಿಯಾಗಿರಲಿಲ್ಲ. ಅದರ ಮೆಟ್ಟಿಲು ಮೊಣಕಾಲಿನೆತ್ತರ. ಮಂಡಿನೋವಿನ ಮುದುಕಿಯನ್ನು ಇಬ್ಬರು ಎತ್ತಿ ಹತ್ತಿಸಬೇಕಿತ್ತು. ಕಾಲಿಲ್ಲದವರಿಗೆ ಅದು ಬಸ್ಸೇ ಅಲ್ಲ, ಧೂಳೆಬ್ಬಿಸಿ ಹೋಗುವ ಸದ್ದು. ಲಂಡನ್ನಿನ ಪ್ರಸಿದ್ಧ ರೂಟ್‌ಮಾಸ್ಟರ್ ಬಸ್ಸುಗಳು 2005ರ ಡಿಸೆಂಬರ್ 9ರಂದು ದಿನನಿತ್ಯದ ಸೇವೆಯಿಂದ ನಿವೃತ್ತವಾದಾಗ ಜನ ರಸ್ತೆಯ ಬದಿಯಲ್ಲಿ ನಿಂತು ಕಣ್ಣೀರು ಹಾಕಿದರು. ಆದರೆ ಗಾಲಿಕುರ್ಚಿಯವರು ಆ ಬಸ್ಸನ್ನು ಹತ್ತುವಂತಿರಲಿಲ್ಲ. ಅವನ್ನು ತೆಗೆಯಲು ಅದೂ ಒಂದು ದೊಡ್ಡ ಕಾರಣ. ನಮ್ಮ ಹಳಹಳಿಕೆಯಲ್ಲಿ ಒಂದು ಸ್ವಾರ್ಥವಿದೆ. ಕಿಟಕಿ ಪಕ್ಕ ಸೀಟು ಸಿಕ್ಕವರ ನೆನಪು ಮಧುರವಾಗಿರುತ್ತದೆ. ಹತ್ತಲಾಗದೆ ಉಳಿದವರ ನೆನಪನ್ನು ಯಾರೂ ಲೇಖನ ಮಾಡುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಬಸ್ಸು ಜಡ. ಅದಕ್ಕೆ ನೋವಿಲ್ಲ, ಆಸೆಯಿಲ್ಲ. ಮುದಿ ಎತ್ತಿನ ಋಣ ಅರ್ಥವಾಗುತ್ತದೆ, ಅದು ನಮ್ಮನ್ನು ನೋಡುತ್ತದೆ. ತಗಡಿನ ಋಣ ಎಂಥದ್ದು?

ಈ ಮಾತನ್ನು ನಾನು ಒಪ್ಪುತ್ತೇನೆ. ತಗಡಿಗೆ ನಾವು ಸಾಲಗಾರರಲ್ಲ. ಆದರೆ ಆ ತಗಡಿನಲ್ಲಿ ಮನುಷ್ಯರ ದುಡಿಮೆ ಇದೆ, ಆ ದುಡಿಮೆಯ ದಾಖಲೆ ಬೇರೆಲ್ಲೂ ಇಲ್ಲ. ಬಸ್ಸಿನ ಹಣೆಯ ಮೇಲೆ ಬರೆಸಿದ್ದು ಮಾಲೀಕರ ಮನೆದೇವರ ಹೆಸರು, ಇಲ್ಲವೇ ಅವರ ಮಗಳ ಹೆಸರು. ಚಾಸಿಯ ಮೇಲಿದ್ದದ್ದು ಕಂಪನಿಯ ಹೆಸರು. ಬೆಳಗಿನ ಜಾವ ನಾಲ್ಕಕ್ಕೆದ್ದು ಬಸ್ಸು ತೊಳೆದ ಕ್ಲೀನರ್ ಹುಡುಗನ ಹೆಸರು ಎಲ್ಲಿದೆ? ಕೈಬೆರಳ ಸಂದಿಯಲ್ಲಿ ನೋಟು ಮಡಿಸಿಟ್ಟುಕೊಂಡು, ಸೀಟಿ ಊದಿ, ಚಿಲ್ಲರೆಗೆ ದಿನಕ್ಕೆ ಹತ್ತು ಜಗಳ ಮಾಡಿದ ಕಂಡಕ್ಟರ್? ಘಾಟಿಯ ರಸ್ತೆಯಲ್ಲಿ ಐವತ್ತು ಜನರ ನಿದ್ದೆಯನ್ನು ಕಾದ ಡ್ರೈವರ್? ಆ ಬಾಗಿಲಿನ ಹಿಡಿ ಸವೆದಿದೆಯಲ್ಲ, ಅದು ಇವರದೂ ಪ್ರಯಾಣಿಕರದೂ ಸಹಿ. ಹಳೆಯ ಬಸ್ಸಿಗೆ ಹೊಳೆಯುವ ಬಣ್ಣ ಬಳಿದು, ಸವೆದ ಹಿಡಿ ತೆಗೆದು ಹಿತ್ತಾಳೆಯದು ಹಾಕಿದರೆ ಆ ಸಹಿಯನ್ನು ಅಳಿಸಿದ ಹಾಗೆ. ಸಂರಕ್ಷಣೆಯ ಹೆಸರಿನಲ್ಲಿ ನಡೆಯುವ ಅನ್ಯಾಯ ಇದು: ದುಡಿದವರನ್ನು ಬಿಟ್ಟು, ಹೊಂದಿದ್ದವರನ್ನು ಉಳಿಸುವುದು.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ನೋಡುತ್ತ ನನಗೆ ಅವುಗಳ ಅಂದಕ್ಕೆ ಸಂತೋಷವೇ ಆಯಿತು. ಯಾರೋ ಪ್ರೀತಿಯಿಂದ ಕೂಡಿಡದಿದ್ದರೆ ಅವು ನಮಗೆ ನೋಡಲೂ ಸಿಗುತ್ತಿರಲಿಲ್ಲ. ಆದರೆ ಕಾರು ಕೆಲವೇ ಜನರದ್ದು, ಅದರ ಕಥೆ ಒಡೆಯರ ಕಥೆಯಾದರೆ ತಪ್ಪಿಲ್ಲ. ಬಸ್ಸಿನ ಕಥೆ ಹಾಗಲ್ಲ. ಪಕ್ಕದಲ್ಲಿ ಯಾವ ಜಾತಿಯವರು ಕೂರುತ್ತಾರೆಂದು ಕೇಳುವಂತಿಲ್ಲದ, ಟಿಕೆಟ್ ತೆಗೆದುಕೊಂಡವರೆಲ್ಲ ಕೂರಬಹುದಾದ ಜಾಗವೊಂದನ್ನು ಅದು ನಮ್ಮ ಹಳ್ಳಿಗಳ ಮಧ್ಯಕ್ಕೇ ತಂದು ನಿಲ್ಲಿಸಿತು. ಊರ ಬಾವಿ, ದೇವಸ್ಥಾನ, ಹೋಟೆಲು ಕಷ್ಟಪಟ್ಟು ಕಲಿತದ್ದನ್ನು, ಕೆಲವು ಕಡೆ ಇನ್ನೂ ಕಲಿಯದೇ ಇರುವುದನ್ನು, ಬಸ್ಸು ನೂಕುನುಗ್ಗಲಿನಲ್ಲೇ ಕಲಿಸಿತು.

ಹಾಗಾದರೆ ಶೆಡ್ಡಿನಲ್ಲಿ ನಿಂತ ಆ ಬಸ್ಸಿಗೆ ಏನು ಮಾಡುವುದು? ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅದನ್ನು ರಿಪೇರಿ ಮಾಡಿಸಲಿ, ಆದರೆ ಹೊಸದು ಮಾಡದಿರಲಿ. ಯಾವ ಭಾಗವನ್ನು ಯಾವಾಗ, ಯಾರ ಕೈಯಲ್ಲಿ ಬದಲಿಸಿದರೆಂದು ಒಂದು ಪುಸ್ತಕದಲ್ಲಿ ಬರೆದಿಡಲಿ; ಹಲಗೆ ಬದಲಿಸಿದ್ದನ್ನು ಮುಚ್ಚಿಡದಿದ್ದರೆ ಥೀಸಿಯಸ್ಸನ ಹಡಗಿನ ಜಗಳ ಅರ್ಧ ಮುಗಿಯುತ್ತದೆ. ಆ ಕೆಲಸಕ್ಕೆ ಹಳೆಯ ಮೇಸ್ತ್ರಿಗಳನ್ನೇ ಕರೆಯಲಿ, ಅವರ ಪಕ್ಕದಲ್ಲಿ ಐಟಿಐ ಓದುವ ಹುಡುಗ ಹುಡುಗಿಯರು ನಿಂತು ನೋಡಲಿ. ತಗಡಿಗಿಂತ ಬೇಗ ಕಳೆದುಹೋಗುವುದು ತಗಡು ಬಡಿಯುವ ವಿದ್ಯೆ. ಬದುಕಿರುವ ಡ್ರೈವರು, ಕಂಡಕ್ಟರು, ಕ್ಲೀನರುಗಳ ಹೆಸರನ್ನು ಅವರು ಒಪ್ಪಿದರೆ ಒಳಗೆ ಕಿಟಕಿಯ ಮೇಲೆ ಬರೆಸಲಿ, ಹಿಂದೆ ತುರ್ತು ಬಾಗಿಲು, ಮಹಿಳೆಯರಿಗೆ ಎಂದೆಲ್ಲ ಬರೆಸುತ್ತಿದ್ದ ಅದೇ ಅಕ್ಷರದಲ್ಲಿ. ಕಾನೂನು ಬಿಟ್ಟಷ್ಟು ದಿನ, ಬ್ರೇಕು ಗಟ್ಟಿಯಿದ್ದಷ್ಟು ದಿನ, ಜಾತ್ರೆಗೋ ಊರಹಬ್ಬಕ್ಕೋ ಅದು ತನ್ನ ಹಳೆಯ ದಾರಿಯಲ್ಲಿ ನಿಧಾನವಾಗಿ ಒಂದು ಸುತ್ತು ಬರಲಿ. ಅಷ್ಟಕ್ಕೂ ಕಾನೂನು ಬಿಡದಿದ್ದರೆ ನಿಂತಲ್ಲೇ ಅದರ ಬಾಗಿಲು ತೆರೆದಿರಲಿ, ಮಕ್ಕಳು ಹತ್ತಿ ಇಳಿಯಲಿ. 'ಮುಟ್ಟಬೇಡಿ' ಅನ್ನುವ ಬೋರ್ಡು ಬೇರೆ ಯಾವುದಕ್ಕೂ ಒಪ್ಪಬಹುದು, ಬಸ್ಸಿಗೆ ಒಪ್ಪುವುದಿಲ್ಲ.

ಇದಕ್ಕೆಲ್ಲ ದುಡ್ಡು ಬೇಕು. ಮಗಳ ಮದುವೆಯ ಸಾಲ ತೀರಿಸಲು ಶೆಡ್ಡಿನ ಬಸ್ಸನ್ನು ಮಾರುವವರ ಎದುರು ನಿಂತು ಪರಂಪರೆಯ ಪಾಠ ಹೇಳುವ ಹಕ್ಕು ನನಗಿಲ್ಲ. ಮಾರಲಿ. ಗೂಳೂರಿನವರು ಅಷ್ಟು ದೊಡ್ಡ ಗಣಪನನ್ನು ನೀರಿಗೆ ಬಿಡುವಾಗ ಅದನ್ನು ನಾಶವೆಂದು ಅಂದುಕೊಳ್ಳುವುದಿಲ್ಲ, ಮುಂದಿನ ವರ್ಷ ಮಾಡುವ ಕೈಗಳಿವೆಯೆಂಬ ಭರವಸೆ ಅವರಿಗಿದೆ. ಬಸ್ಸು ಕುಲುಮೆಗೆ ಹೋಗುವುದೂ ವಿಸರ್ಜನೆಯೇ ಆಗಬಹುದು, ಒಂದು ಷರತ್ತಿನ ಮೇಲೆ: ಒಂಬತ್ತು ಗಂಟೆ ಬಸ್ಸು ನಾಳೆಯೂ ಬರಬೇಕು.

ಆ ಷರತ್ತೇ ಇವತ್ತು ಅಲ್ಲಲ್ಲಿ ಮುರಿಯುತ್ತಿದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಬಸ್ಸೇ ಬರದ ಹಳ್ಳಿಯ ಹೆಣ್ಣುಮಗಳಿಗೆ ಆ ಚೀಟಿಯಿಂದ ಏನು ಉಪಯೋಗ? ಹಳೆಯ ಬಸ್ಸೊಂದನ್ನು ಹೂಹಾರ ಹಾಕಿ ಉಳಿಸಿಕೊಂಡು, ಅದು ಓಡುತ್ತಿದ್ದ ಹಳ್ಳಿಯ ಟ್ರಿಪ್ಪನ್ನು ನಷ್ಟವೆಂದು ಕಿತ್ತುಹಾಕುವ ಊರು ಬಸ್ಸನ್ನು ಉಳಿಸಿಕೊಂಡಿಲ್ಲ. ಹಳೆಯ ಬಸ್ಸನ್ನು ಗುಜರಿಗೆ ಕಳಿಸಿ, ಕೊನೆಯ ಹಳ್ಳಿಗೂ ಹೊತ್ತಿಗೆ ಸರಿಯಾಗಿ, ಮೆಟ್ಟಿಲು ತಗ್ಗಾದ ಬಸ್ಸು ಕಳಿಸುವ ಊರು ಅದನ್ನು ಉಳಿಸಿಕೊಂಡಿದೆ. ಎರಡನ್ನೂ ಮಾಡಲು ಸಾಧ್ಯವಾದರೆ ಒಳ್ಳೆಯದು. ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಆರಿಸುವುದು, ಕೈ ತೋರಿಸಿದವರಿಗೆ ನಿಲ್ಲುವ ಬಸ್ಸನ್ನು.